ಕಾಂತಮ್ಮನ ಮುಖದ ಹಕ್ಕು

ಅರಸೀಕೆರೆಯ ವಕೀಲ ಚೇತನ್‌ಕುಮಾರ್ ಮೇಜಿನ ಮೇಲೆ ಚಟ್ನಿಪುಡಿ ಪ್ಯಾಕೆಟ್ಟೊಂದನ್ನು ನೆಟ್ಟಗೆ ನಿಲ್ಲಿಸಿ, ಅದರ ಮೇಲಿನ ಮುಖವನ್ನೂ ಎದುರು ಕುರ್ಚಿಯಲ್ಲಿ ಕೂತಿದ್ದ ಮುದುಕಿಯ ಮುಖವನ್ನೂ ಒಂದಾದ ಮೇಲೊಂದು ನೋಡಿದ. ಅದೇ ವಿಭೂತಿ, ಅದೇ ಮೂಗುಬೊಟ್ಟು, ಗಲ್ಲದ ಮೇಲೆ ಅದೇ ಮಚ್ಚೆ. "ಅನುಮಾನವೇ ಇಲ್ಲ," ಅಂದ.

ಅನುಮಾನ ಯಾರಿಗೂ ಇರಲಿಲ್ಲ. ಕಾಂತಮ್ಮನ ಕೊಬ್ಬರಿ ಚಟ್ನಿಪುಡಿಯನ್ನು ಜನ ಹೆಸರು ಓದಿ ಕೊಳ್ಳುತ್ತಿರಲಿಲ್ಲ, ಮುಖ ನೋಡಿ ಎತ್ತಿಕೊಳ್ಳುತ್ತಿದ್ದರು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುವ ಗಾದೆ ಅವಳ ಮನೆಯಲ್ಲೂ ಸುಳ್ಳಾಗಲಿಲ್ಲ. ಹಿರಿಯ ಮಗ ಜಯದೇವಪ್ಪನಿಗೆ ಅರಸೀಕೆರೆಯ ಅಂಗಡಿ ಬಂತು. ಕಿರಿಯವನು ಇಂದ್ರೇಶ್ ಜಾವಗಲ್‌ನಲ್ಲಿ ಹೊಸದು ತೆರೆದ. ನೆಂಟರಿಷ್ಟರು ಕೂತು ಬಾಣಲೆ, ಒರಳು, ತಕ್ಕಡಿ ಎಲ್ಲ ಹಂಚಿದರು. ಅವ್ವನನ್ನೂ ಹಂಚಿದರು: ಹುಣ್ಣಿಮೆಯವರೆಗೆ ಹಿರಿಯನ ಮನೆ, ಅಲ್ಲಿಂದ ಅಮಾವಾಸ್ಯೆಯವರೆಗೆ ಕಿರಿಯನ ಮನೆ. ಎರಡೂ ಕಡೆ ಅವಳು ಉಪ್ಪು ನೋಡದೆ ಒಂದು ಪ್ಯಾಕೆಟ್ಟೂ ಮುಚ್ಚುವಂತಿಲ್ಲ. ಪ್ಯಾಕೆಟ್ಟಿನ ಮೇಲಿನ ಅವ್ವನನ್ನು ಹಂಚುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಇಬ್ಬರ ಪ್ಯಾಕೆಟ್ಟಿನ ಮೇಲೂ ಅದೇ ಮುಖ ಉಳಿದದ್ದು ಜಯದೇವಪ್ಪನಿಗೆ ನುಂಗಲಾರದ ತುತ್ತಾಯಿತು. ತನ್ನ ಗಿರಾಕಿಗಳೇ ಜಾವಗಲ್ ಪುಡಿ ಕೊಂಡು "ಅದೂ ನಿಮ್ದೇ ಅಲ್ವಾ?" ಅಂದಾಗಲೆಲ್ಲ ಅವನ ಹೊಟ್ಟೆ ಉರಿಯುತ್ತಿತ್ತು. ಟ್ರೇಡ್‌ಮಾರ್ಕ್ ಮಾಡಿಸಿ ಆ ಮುಖವನ್ನು ತನ್ನೊಬ್ಬನದಾಗಿಸಿಬಿಡೋಣ ಎಂದು ಚೇತನ್‌ಕುಮಾರನ ಹತ್ತಿರ ಓಡಿದ. ಬದುಕಿರುವವರ ಮುಖವಾದರೆ ಅವರ ಒಪ್ಪಿಗೆ ಬೇಕಾದೀತು ಅಂದ ವಕೀಲ. ಹುಣ್ಣಿಮೆ ದಾಟಲು ಬಿಡದೆ ಅವ್ವನನ್ನು ಆಟೋ ಹತ್ತಿಸಿಕೊಂಡು ಬಂದ.

"ಇದೆಲ್ಲ ಯಾಕಪ್ಪ ಈಗ?" ಕಾಂತಮ್ಮ ಕೇಳಿದಳು.

"ನಿನ್ ಮರ್ವಾದೆ ಕಾಪಾಡಕ್ಕೆ ಕಣವ್ವ. ನಾಳೆ ಯಾವನೋ ಕಳ್ಳ ನಿನ್ ಮುಖ ಹಾಕ್ಕಂಡು ಹುಳ ಬಿದ್ದಿರೋ ಪುಡಿ ಮಾರುದ್ರೆ?"

"ಕಳ್ಳ ಅಂದ್ರೆ ಇಂದ್ರೇಶನಾ?"

ಜಯದೇವಪ್ಪ ಫ್ಯಾನಿನ ಕಡೆ ನೋಡಿದ. ಚೇತನ್‌ಕುಮಾರ್ ಗಂಟಲು ಸರಿಮಾಡಿಕೊಂಡು ಒಪ್ಪಿಗೆಪತ್ರ ಓದಿದ: "ಈ ಭಾವಚಿತ್ರವು ನನ್ನದೇ. ಇದನ್ನು ನನ್ನ ಮಗ ಜಯದೇವಪ್ಪನವರೊಬ್ಬರೇ ತಮ್ಮ ವ್ಯಾಪಾರದ ಗುರುತಾಗಿ ನೋಂದಾಯಿಸಿಕೊಳ್ಳಲು ನನ್ನ ಒಪ್ಪಿಗೆಯಿದೆ. ಬೇರೆ ಯಾರಿಗೂ ಇದರ ಮೇಲೆ ಹಕ್ಕಿರುವುದಿಲ್ಲ."

"ಹಂಗಾದ್ರೆ ಇಂದ್ರೇಶ ಹಾಕಂಗಿಲ್ವಾ?"

"ಹಾಕೋ ಹಾಗಿಲ್ಲಮ್ಮ. ಹಾಕಿದ್ರೆ ನೋಟಿಸು. ಆಮೇಲೆ ಕೇಸು."

"ಹುಣ್ಣಿಮೆ ಕಳುದ್ಮೇಲೆ ನಾನು ಅವನ ಮನೆಗೆ ಹೋಗ್ಬೇಕಲ್ಲ ಸ್ವಾಮಿ. ಮುಖ ಎಲ್ಲಿಟ್ಟು ಹೋಗ್ಲಿ?"

ಚೇತನ್‌ಕುಮಾರ್ ನಗಲಿಲ್ಲ. ಕಾನೂನು ಏನನ್ನುತ್ತದೆಂದು ಯೋಚಿಸಿದ. "ಮುಖ ತಗೊಂಡು ಹೋಗ್ಬಹುದಮ್ಮ. ಪ್ಯಾಕೆಟ್ ಮೇಲೆ ಹಾಕೋ ಹಾಗಿಲ್ಲ, ಅಷ್ಟೇ."

ಕಾಂತಮ್ಮ ಕನ್ನಡಕ ಹಾಕಿಕೊಂಡು ಪ್ಯಾಕೆಟ್ಟನ್ನು ಕೈಗೆತ್ತಿಕೊಂಡಳು. ಜಯದೇವಪ್ಪ ಪೆನ್ನಿನ ಮುಚ್ಚಳ ತೆಗೆದು ಅವಳ ಕೈಯ ಹತ್ತಿರವೇ ಇಟ್ಟ. ಜಾವಗಲ್ ಅಂಗಡಿಯ ಬಾಗಿಲು ಮುಚ್ಚಿದ್ದು ಅವನ ಕಣ್ಣಿಗೆ ಆಗಲೇ ಕಾಣುತ್ತಿತ್ತು. ಸ್ವಲ್ಪ ಸಂಕಟವೂ ಆಯಿತು, ಒಡಹುಟ್ಟಿದವನಲ್ಲವೇ. ಆದರೆ ಪೆನ್ನನ್ನು ಹಿಂದಕ್ಕೆ ತೆಗೆದುಕೊಳ್ಳುವಷ್ಟು ಆಗಲಿಲ್ಲ.

"ಇದು ನಾನಲ್ಲ ಕಣಪ್ಪ," ಅಂದಳು ಕಾಂತಮ್ಮ.

"ಏನವ್ವ! ನಾನೇ ನಿಂತು ತೆಗೆಸಿದ್ ಫೋಟೋ ಅದು. ಮಚ್ಚೆ ನೋಡು, ಮೂಗುಬೊಟ್ಟು ನೋಡು!"

"ಮಚ್ಚೆ ಎಷ್ಟೋ ಜನಕ್ಕೆ ಇರ್ತಾವೆ."

ಚೇತನ್‌ಕುಮಾರ್ ಮತ್ತೊಮ್ಮೆ ಪ್ಯಾಕೆಟ್ಟನ್ನು ನೋಡಿದ, ಮತ್ತೊಮ್ಮೆ ಮುದುಕಿಯನ್ನು ನೋಡಿದ. "ಹಾಗಾದ್ರೆ ಇದು ಯಾರಮ್ಮ?"

ಕಾಂತಮ್ಮ ಪ್ಯಾಕೆಟ್ಟನ್ನು ಮೊದಲಿದ್ದ ಜಾಗದಲ್ಲೇ ನಿಲ್ಲಿಸಿ, ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಡಬ್ಬಿಗೆ ಹಾಕಿದಳು.

"ಯಾರೋ ಏನೋ, ಪಾಪ. ನಂಗೆ ಇಬ್ರು ಗಂಡುಮಕ್ಳು. ಈಯಮ್ಮಂಗೆ ಒಬ್ನೇ ಅಂತ ನೀವೇ ಓದುದ್ರಲ್ಲ ಸ್ವಾಮಿ."