ಐದು ಗಂಟೆಯ ಪಂಚನಾಮೆ

ಪಿಎಸ್‌ಐ ಸಾಹೇಬರ ಲಾಠಿ ಮೂರನೇ ಸಲ ಮೇಲೆದ್ದಾಗ ಮೂರು ಗಾಲಿಯ ಟಂಟಂ ಓಡಿಸುವ ಮರಿಲಿಂಗಪ್ಪ ಅದನ್ನು ಗಪ್ಪನೆ ಹಿಡಿದುಬಿಟ್ಟ. ತಿರುಗಿ ಹೊಡೆಯಲಿಲ್ಲ, ಕಸಿದುಕೊಳ್ಳಲಿಲ್ಲ, ಬರೀ ಹಿಡಿದ, ಬಿಟ್ಟ. ಅಷ್ಟಕ್ಕೇ ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಆ ಕ್ರಾಸಿನಲ್ಲಿದ್ದವರೆಲ್ಲ ಸುತ್ತ ನೆರೆದರು. ಬೆಳಿಗ್ಗೆ ಒಂಬತ್ತೂವರೆ. ಹತ್ತಿ ಬಿಡಿಸಲು ಹೊರಟ ಹದಿಮೂರು ಹೆಂಗಸರನ್ನು ಒಂದೇ ಟಂಟಂನಲ್ಲಿ ತುಂಬಿಕೊಂಡು ಬಂದದ್ದು ಅವನ ತಪ್ಪು, ಒಪ್ಪೋಣ. ಆ ತಪ್ಪಿಗೆ ದಂಡ ಉಂಟು, ರಸೀದಿ ಉಂಟು. ಲಾಠಿ ಎಲ್ಲಿಂದ ಬಂತೆಂದು ಮಾತ್ರ ಕೇಳಬೇಡಿ. ಜೀಪು ಯಾವ ಠಾಣೆಯದೆಂಬ ಉಸಾಬರಿಯೂ ನಮಗೆ ಬೇಡ.

“ಪೊಲೀಸರ ಮ್ಯಾಲೆ ಕೈ ಮಾಡ್ತೀಯೇನಲೇ?” ಸಾಹೇಬರು ಗುಡುಗಿದರು. “ಹಂಪಣ್ಣ, ಬರಿ ಕೇಸು! ಸರ್ಕಾರಿ ಕೆಲಸಕ್ಕ ಅಡ್ಡಿ, ಹಲ್ಲೆ, ಎಲ್ಲಾ ಹಾಕು. ಇವತ್ತೇ ಇವನ್ನ ಜೇಲಿಗೆ ಕಳಸ್ತೀನಿ!”

“ನಾ ಕೈ ಮಾಡಿಲ್ರಿ ಸಾಹೇಬ್ರ, ಏಟು ತಡದೀನಿ ಅಷ್ಟ” ಎಂದ ಮರಿಲಿಂಗಪ್ಪ. ಮೊದಲಿನ ಎರಡು ಏಟಿಗೆ ಅವನ ಬಲಗೈ ಆಗಲೇ ಬಾತುಕೊಂಡಿತ್ತು.

ಠಾಣೆಯ ರೈಟರ್ ಹಂಪಣ್ಣ ಬರವಣಿಗೆಯಲ್ಲಿ ಪಳಗಿದ ಮನುಷ್ಯ. ಚೀಲದಿಂದ ಯಾವುದೋ ಹಳೆಯ ಕೇಸಿನ ಪಂಚನಾಮೆ ತೆಗೆದು ಜೀಪಿನ ಬಾನೆಟ್ ಮೇಲಿಟ್ಟ. ಪಕ್ಕದಲ್ಲಿ ಹೊಸ ಹಾಳೆ ಇಟ್ಟುಕೊಂಡು, ಹೆಸರು, ಊರು, ತಾರೀಖು ಬದಲಿಸುತ್ತ ಸರಸರ ನಕಲಿಳಿಸಿದ. ಇಪ್ಪತ್ತು ವರ್ಷದಿಂದ ಹೀಗೇ ಬರೆಯುತ್ತಿದ್ದಾನೆ. ಪಾಪ, ಅವನು ಬರೆದದ್ದನ್ನು ಸ್ಥಳದಲ್ಲಿ ಯಾರೂ ಓದಿದವರಿಲ್ಲ.

ಸಹಿಗೆ ಇಬ್ಬರು ಪಂಚರು ಬೇಕು. ಆ ಮಾತು ಕಿವಿಗೆ ಬಿದ್ದದ್ದೇ ತಡ, ಕ್ರಾಸಿನ ಗಂಡಸರೆಲ್ಲ ಕಣ್ಮರೆಯಾದರು. ಉಳಿದವನು ಪಂಕ್ಚರ್ ಅಂಗಡಿಯ ಜಲಾಲುದ್ದೀನ ಒಬ್ಬನೇ. ಅವನ ಅಂಗಡಿ ಇರುವುದು ರಸ್ತೆಯ ಸರ್ಕಾರಿ ಜಾಗದಲ್ಲಿ. ಆದ್ದರಿಂದ ಆ ಕ್ರಾಸಿನ ಎಲ್ಲ ಪಂಚನಾಮೆಗೂ ಮೊದಲನೇ ಪಂಚ ಅವನೇ. ಪೆನ್ನು ಹಿಡಿದು ತೆಪ್ಪಗೆ ನಿಂತ. ಸಾಹೇಬರ ಕಣ್ಣು ಹೆಂಗಸರ ಕಡೆ ಹೊರಳಿತು.

“ಏ, ನೀ ಬಾ ಇಲ್ಲಿ. ಹೆಬ್ಬಟ್ಟು ಒತ್ತು.”

ಶೇಖಮ್ಮ ಮುಂದೆ ಬಂದಳು. ತನ್ನ ಹೆಬ್ಬಟ್ಟು ಬಿದ್ದರೆ ಮರಿಲಿಂಗಪ್ಪ ಜೈಲು ಸೇರುತ್ತಾನೆಂದು ಅವಳಿಗೆ ಗೊತ್ತಿತ್ತು. ಹಂಪಣ್ಣ ಆಗಲೇ ಇಂಕಿನ ಡಬ್ಬಿ ತೆರೆದಿದ್ದ.

“ನಮ್ಮ ಮಹಿಳಾ ಸಂಘದಾಗ ಠರಾವು ಓದಿ ಹೇಳೂತನ ಯಾರೂ ಸಹಿ ಮಾಡಂಗಿಲ್ರಿ” ಎಂದಳು. “ಓದೂದು ನಂದೇ ಕೆಲಸ. ತರ್ರಿ ಇಲ್ಲಿ.” ಹಂಪಣ್ಣ ಹಾಂ ಹೂಂ ಅನ್ನುವಷ್ಟರಲ್ಲಿ ಹಾಳೆ ಅವಳ ಕೈಯಲ್ಲಿತ್ತು. ಉಳಿದ ಹನ್ನೆರಡು ಹೆಂಗಸರು, ಪ್ರತಿ ಶುಕ್ರವಾರ ಸಂಘದಲ್ಲಿ ಠರಾವಿಗೆ ಒಪ್ಪಿಗೆ ಕೊಡಲು ನಿಲ್ಲುವ ಹಾಗೆ, ಸುತ್ತ ಬಂದು ನಿಂತರು.

“‘ಆರೋಪಿತನು ಟಂಟಂ ಚಾಲಕ ಮರಿಲಿಂಗಪ್ಪ.’ ಒಪ್ಪಿಗ್ಯೇನ್ರೆವ್ವಾ?”

“ಒಪ್ಪಿಗಿ!”

“‘ಸದರಿಯವನು ಕೆಂಪು ಅಂಗಿ ಧರಿಸಿದ್ದು...’”

ಎಲ್ಲರೂ ಮರಿಲಿಂಗಪ್ಪನ ಖಾಕಿ ಅಂಗಿಯನ್ನು ನೋಡಿದರು. “ಒಪ್ಪಿಗಿ ಇಲ್ಲ!”

“‘ಪಿಎಸ್‌ಐ ಅವರ ಬಲಗೈಗೆ ಬಡಿಗೆಯಿಂದ ಹೊಡೆದು ಬಾವು ಬರಿಸಿದ್ದು...’”

“ಬಾವು ಯಾರ ಕೈಗದ, ನೋಡ್ರೆವ್ವಾ! ಒಪ್ಪಿಗಿ ಇಲ್ಲ!” ಹೋದ ಗಂಡಸರು ಒಬ್ಬೊಬ್ಬರಾಗಿ ಮರಳತೊಡಗಿದರು. ಹಿಂದೆ ಒಂದು ಬಸ್ಸೂ ನಿಂತಿತು. ಕಿಟಕಿ ತುಂಬ ತಲೆಗಳು, ಮೊಬೈಲುಗಳು. ಶೇಖಮ್ಮ ದನಿ ಏರಿಸಿದಳು.

“‘ಈ ಘಟನೆಯು ಇಂದು ಸಂಜೆ ಐದು ಗಂಟೆಗೆ ನಮ್ಮ ಕಣ್ಣೆದುರು ನಡೆದಿರುತ್ತದೆ.’”

ಬೆಳಗಿನ ಹತ್ತು ಗಂಟೆಯೂ ಇನ್ನೂ ಆಗಿರಲಿಲ್ಲ. ಬಸ್ಸಿನೊಳಗೆ ಯಾರೋ ಹೋ ಎಂದು ನಕ್ಕರು. ಹಂಪಣ್ಣ ಹಳೆಯ ಹಾಳೆಯನ್ನು ತಡಕಾಡಿದ. ಕೆಂಪು ಅಂಗಿ, ಬಾವು, ಐದು ಗಂಟೆ, ಎಲ್ಲವೂ ಅಲ್ಲೇ ಇದ್ದವು. “ಟೈಮು... ತಿದ್ದಿ ಕೊಡ್ತೀನ್ರಿ ಸರ್” ಎಂದು ತೊದಲಿದ.

“ಕೊಡು ಹಾಳಿ!” ಸಾಹೇಬರ ಲಾಠಿ ನಾಲ್ಕನೇ ಸಲ ಮೇಲೆದ್ದಿತು. ಹೆಂಗಸರು ಒಬ್ಬರೂ ಹಿಂದೆ ಸರಿಯಲಿಲ್ಲ. ಅಷ್ಟೂ ಮೊಬೈಲು ಲಾಠಿಯನ್ನೇ ನೋಡುತ್ತಿದ್ದವು. ಲಾಠಿ ನಿಧಾನವಾಗಿ ಕೆಳಗಿಳಿಯಿತು.

“ತಿದ್ದಬ್ಯಾಡ್ರಿ ಸಾಹೇಬ್ರ” ಎಂದಳು ಶೇಖಮ್ಮ. “ಸರ್ಕಾರಿ ಕಾಗದ, ಸುಳ್ಳು ಯಾಕಾದೀತು? ಸಂಜಿ ಐದಕ್ಕ ಇಂವ ಕೆಂಪಂಗಿ ತೊಟ್ಟು ನಿಮ್ಗ ಹೊಡಿಯೂದು ನಾ ಕಣ್ಣಿಲೆ ನೋಡ್ತೀನಿ. ನೋಡಿದ ಮ್ಯಾಲೆ ಸಹಿ ಮಾಡ್ತೀನಿ. ಹೆಬ್ಬಟ್ಟಲ್ಲ, ಸಹಿ. ಅಲ್ಲೀತನ ಇಲ್ಲೇ ಕಾಯ್ತೀವಿ. ಒಪ್ಪಿಗ್ಯೇನ್ರೆವ್ವಾ?”

“ಒಪ್ಪಿಗಿ!”

ಶೇಖಮ್ಮ ಜೀಪಿನ ಮುಂದಿನ ಗಾಲಿಯ ಎದುರು ಕುಳಿತಳು. ಅವಳ ಮಗ್ಗುಲಿಗೆ ಇನ್ನೊಬ್ಬಳು, ಅವಳ ಮಗ್ಗುಲಿಗೆ ಮತ್ತೊಬ್ಬಳು. ಹೊಲದಲ್ಲಿ ಮಧ್ಯಾಹ್ನಕ್ಕೆಂದು ತಂದ ಬುತ್ತಿಯ ಗಂಟುಗಳು ರಸ್ತೆಯಲ್ಲೇ ಬಿಚ್ಚಿಕೊಂಡವು. ಶೇಖಮ್ಮ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ಮರಿಲಿಂಗಪ್ಪನಿಗೆ ಕೊಟ್ಟಳು. ಬಲಗೈ ಮಡಚಲು ಬರಲಿಲ್ಲ, ಎಡಗೈಯಲ್ಲಿ ಇಸಿದುಕೊಂಡ.

ಜಲಾಲುದ್ದೀನ ಸಹಿ ಮಾಡದ ಪೆನ್ನನ್ನು ಜೇಬಿಗೆ ಸಿಕ್ಕಿಸಿದ. ಅಂಗಡಿಯಿಂದ ಸ್ಟೂಲು ತಂದು, ಹೆಗಲ ಮೇಲಿನ ಬಟ್ಟೆಯಿಂದ ಒರೆಸಿ, ಸಾಹೇಬರ ಹಿಂದೆ ಇಟ್ಟ.

“ಕುಂದರ್ರಿ ಸಾಬ್. ನಿಮ್ಗ ಏಟು ಬೀಳೂದು ಐದಕ್ಕ. ಅಲ್ಲೀತನ ಯಾಕ ನಿಂದರ್ತೀರಿ?”