ತನ್ನೂಸನ ನಲವತ್ತನೇ ದಿನ

ತನ್ನೂಸ್ ತನ್ನ ನಲವತ್ತನೇ ದಿನದ ತಿಥಿ ಊಟಕ್ಕೆ ಸರಿಯಾದ ಹೊತ್ತಿಗೇ ಬಂದು ತಲುಪಿದ. ಮಾರ್ಸೇಲಿನಿಂದ ಈರುಳ್ಳಿ ಸಾಗಿಸುವ ಹಡಗಿನಲ್ಲಿ ಕಂಡಕಂಡ ಬಂದರು ಸುತ್ತಿ, ಬೆಯ್ರೂತಿನಿಂದ ಎರಡು ದಿನ ಬೆಟ್ಟ ಹತ್ತಿ ಸೋತುಹೋಗಿದ್ದ. ಅವನ ಮನೆಯ ಅಂಗಳದಲ್ಲಿ, ಹಿಪ್ಪುನೇರಳೆ ಮರದ ಕೆಳಗೆ, ಹಂಡೆಗಟ್ಟಲೆ ಗೋಧಿ, ಕುರಿಮಾಂಸ ಬೇಯುತ್ತಿತ್ತು. ಯಾರೋ ದೂರದ ನೆಂಟ ಅವನ ಕೈಗೆ ಸಕ್ಕರೆ ಹಾಕದ ಕಾಫಿ ಕೊಟ್ಟು, "ಪಾಪ, ಹುಡುಗನಿಗೆ ಮದುವೇನೂ ಆಗಿರಲಿಲ್ಲ" ಎಂದ. ಈ ಮನೆಯಲ್ಲಿ ಮದುವೆಯಾಗದ ಹುಡುಗ ಎಂದರೆ ತಾನೊಬ್ಬನೇ ಎನ್ನುವುದು ಅರ್ಧ ಕಾಫಿ ಕುಡಿದ ಮೇಲೆ ತನ್ನೂಸನಿಗೆ ಹೊಳೆಯಿತು.

ಒಳಗೆ ಹೆಂಗಸರು ಹಾಡುತ್ತಿದ್ದರು. ಹೆಣ ಸಿಗದಿದ್ದರೆ ಬಟ್ಟೆಯನ್ನೇ ಮಲಗಿಸಿಕೊಂಡು ಅಳುವುದು ಆ ಊರಿನ ಪದ್ಧತಿ. ಹೋದವನು ಮದುವೆಯಾಗದವನಾದರೆ ಮದುವೆ ಹಾಡನ್ನೇ ಹಾಡಿ ಅಳಬೇಕು. ಮಂಚದ ಮೇಲೆ ಅವನ ಕಸೂತಿ ಅಂಗಿ, ಅಗಲ ಷರಾಯಿ, ದಿಂಬಿನ ಮೇಲೆ ಕೆಂಪು ಟೋಪಿ, ಎಲ್ಲ ಮದುವಣಿಗನ ಠೀವಿಯಲ್ಲಿ ಮಲಗಿದ್ದವು. ಹಾಡು ಹೇಳಿಕೊಡುತ್ತಿದ್ದವಳು ಸೋದರತ್ತೆ ಕತ್ತೂರ್. ಅವಳು ಬಾಗಿಲಲ್ಲಿ ನಿಂತ ತನ್ನೂಸನನ್ನು ನೋಡಿದಳು. ಹಿಡಿದ ಸಾಲನ್ನು ಅರ್ಧಕ್ಕೆ ಬಿಡದೆ ಪೂರ್ತಿ ಮುಗಿಸಿದಳು. ಆಮೇಲೆ ಮೂರ್ಛೆ ಹೋದಳು.

"ಒಂದು ವಾರ ಮುಂಚೆ ಬರೋಕೇನಾಗಿತ್ತೋ ನಿಂಗೆ?" ಚಿಕ್ಕಪ್ಪ ಶಲ್ಹೂಬ್ ರೇಗಿದ. "ಎರಡು ಕುರಿ ಕೊಯ್ದಾಯ್ತು. ನಾಲ್ಕೂರಿನ ಜನ ಬಂದು ಕೂತಿದ್ದಾರೆ!"

"ಯಾಕೆ ಚಿಕ್ಕಪ್ಪ, ಏನಾಯ್ತು?"

"ಏನಾಯ್ತಾ? ನೀನು ಸತ್ತೆ! ನೀನು ಹೋದ ಅಮೆರಿಕದ ಹಡಗು ಮಂಜುಗಡ್ಡೆಗೆ ಬಡಿದು ಮುಳುಗಿಹೋಯ್ತಲ್ಲೋ!"

"ಬೆಯ್ರೂತಿಂದ ಬಂದ ಸತ್ತೋರ ಪಟ್ಟೀಲಿ ನಿನ್ನ ಹೆಸರಿದೆ," ಎಂದ ಪಾದ್ರಿ, ಕನ್ನಡಕ ಸರಿಮಾಡಿಕೊಳ್ಳುತ್ತ. "ಅಪ್ಪನ ಹೆಸರು, ಊರು, ಎಲ್ಲಾ ಸರಿಯಾಗಿದೆ. ನಾನು ಚರ್ಚಿನ ಪುಸ್ತಕದಲ್ಲಿ ಬರೆದೂ ಆಯ್ತು."

"ಸ್ವಾಮಿ, ನಾನು ಇಲ್ಲೇ ನಿಂತಿದ್ದೀನಲ್ಲ!"

"ಅದು ಕಾಣ್ತಿದೆ ಕಣಯ್ಯ, ನಾನೇನು ಕುರುಡನೇ? ಆದ್ರೆ ಶಾಯಿ ಅಳಿಸೋದು ಹೇಗೆ ಹೇಳು."

ಅಷ್ಟು ಹೊತ್ತಿಗೆ ಮಂಚದ ಬಳಿಯಿಂದ ಎದ್ದು ಬಂದ ತಾಯಿ ವರ್ದೆ ಮಗನ ಕೆನ್ನೆಗೆ ಎರಡು ಬಾರಿಸಿದಳು. ಆಮೇಲೆ ಅವನನ್ನು ತಬ್ಬಿಕೊಂಡು, ನಲವತ್ತು ದಿನ ಅತ್ತದ್ದು ಏನೂ ಅಲ್ಲ ಎನ್ನುವ ಹಾಗೆ ಅತ್ತಳು. ಶಲ್ಹೂಬನ ಮುಖ ಅರಳಿತು. "ಸರಿ ಹಾಗಾದ್ರೆ! ಅಳೋದು ನಿಲ್ಲಿಸ್ರಮ್ಮ. ಹೇಗೂ ಮದುವೆ ಹಾಡು, ಅದನ್ನೇ ಸ್ವಲ್ಪ ಜೋರಾಗಿ ಹಾಡಿ. ಕುರೀನೂ ದಂಡ ಆಗಲ್ಲ!"

ಆದರೆ ವರ್ದೆ ಮಗನ ತೋಳು ಹಿಡಿದು ನಿಂತುಬಿಟ್ಟಿದ್ದಳು. "ಇದು ಯಾರ ಕೋಟೋ? ನಿನ್ನ ಹೊಸ ಸೂಟೆಲ್ಲಿ?"

ತನ್ನೂಸ್ ಕೋಟಿನ ತೋಳು ನೋಡಿಕೊಂಡ. ಹಡಗು ಮುಳುಗಿತೆಂದರೆ ಯಾರು ಮುಳುಗಿದರು ಎನ್ನುವುದು ಅವನ ತಲೆಗೆ ಈಗ ಹತ್ತಿತು. "ಮಾರ್ಸೇಲಲ್ಲಿ ಡಾಕ್ಟ್ರು ನನ್ನ ಕಣ್ಣುರೆಪ್ಪೆ ಮಗುಚಿ ನೋಡಿ, ಕಣ್ಣುಬೇನೆ, ಅಮೆರಿಕದೋರು ಒಳಗೆ ಬಿಡಲ್ಲ ಅಂದ್ರು. ಛತ್ರದಲ್ಲಿ ನಮ್ಮ ಕಡೆಯೋನೇ ಒಬ್ಬ ಇದ್ದ. ಒಳ್ಳೆ ಕಣ್ಣು, ಆದ್ರೆ ಟಿಕೇಟಿಲ್ಲ. ಸುಮ್ನೆ ಹಾಳಾಗೋ ಬದಲು ತಗೋ ಅಂತ ನನ್ನ ಟಿಕೇಟು, ಕಾಗದ ಎಲ್ಲಾ ಕೊಟ್ಟೆ. ಅಲ್ಲಿ ಇಳಿಯೋವಾಗ ಚೆನ್ನಾಗಿ ಕಾಣ್ಲಿ ಅಂತ ಸೂಟೂ ಕೊಟ್ಟೆ. ಅವನು ತನ್ನ ಕೋಟು ನನಗೆ ಹಾಕಿ ಹೋದ."

"ಅವನ ಹೆಸರೇನು?" ಪಾದ್ರಿ ಲೇಖನಿ ತೆಗೆದ.

"ಕಾಗದದಲ್ಲಿ ನನ್ನ ಹೆಸರಿತ್ತಲ್ಲ ಸ್ವಾಮಿ. ಸಿಕ್ಕಿಬೀಳಬಾರದು ಅಂತ ಮೂರು ದಿನ ಕೂರಿಸಿಕೊಂಡು ಪಾಠ ಮಾಡಿದೆ. ಹೆಸರೇನು ಅಂದ್ರೆ ತನ್ನೂಸ್ ಅನ್ನಬೇಕು. ಊರು ಯಾವುದು ಅಂದ್ರೆ ನಮ್ಮೂರು. ಅಮ್ಮ ಯಾರು ಅಂದ್ರೆ ವರ್ದೆ. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ತಪ್ಪುತ್ತಿರಲಿಲ್ಲ. ಅವನ ಹೆಸರು... ನಾನು ಕೇಳಲೇ ಇಲ್ಲ."

"ಹೆಸರಿಲ್ಲದೋನಿಗೆ ನಾನು ಏನಂತ ಪ್ರಾರ್ಥನೆ ಮಾಡಲಿ?"

"ಮಾಡೋದೇ ಬೇಡ ಬಿಡಿ," ಎಂದ ಶಲ್ಹೂಬ್. "ಗುರುತಿಲ್ಲ ಪರಿಚಯ ಇಲ್ಲ. ಊಟ ಬಡಿಸ್ರೋ!"

ವರ್ದೆ ಮಗನ ಮೈಮೇಲಿಂದ ಆ ಕೋಟನ್ನು ಬಿಚ್ಚಿ ಬೆಳಕಿಗೆ ಹಿಡಿದಳು. ಮೊಣಕೈ ಹತ್ತಿರ ಹರಿದದ್ದಕ್ಕೆ ಯಾರೋ ನೀಲಿ ದಾರದಲ್ಲಿ ಸಣ್ಣಗೆ, ಒತ್ತೊತ್ತಾಗಿ ತೇಪೆ ಹಾಕಿದ್ದರು. ಅವಳು ಅದರ ಮೇಲೆ ಬೆರಳಾಡಿಸಿದಳು. "ಇದನ್ನ ಹೊಲಿದೋಳು ಇನ್ನೂ ಕಾಗದ ಬರುತ್ತೆ ಅಂತ ಕಾಯ್ತಿರ್ತಾಳೆ," ಎಂದಳು.

ಅವಳು ಮಂಚದ ಮೇಲಿದ್ದ ಕಸೂತಿ ಅಂಗಿ, ಟೋಪಿ ತೆಗೆದು ಮಗನಿಗೆ ತೊಡಿಸಿ, ಅಲ್ಲಿ ಕೋಟನ್ನು ಮಲಗಿಸಿದಳು. ತೋಳುಗಳನ್ನು ಎದೆಯ ಮೇಲೆ ಮಡಿಸಿದಳು. ಮೂರ್ಛೆಯಿಂದ ಎದ್ದು ನೀರು ಕುಡಿಯುತ್ತಿದ್ದ ಕತ್ತೂರ್ ತಬ್ಬಿಬ್ಬಾಗಿ, "ಅತ್ತಿಗೆ, ಹಾಡಲ್ಲಿ ಹೆಸರು ಬರುತ್ತಲ್ಲ, ಏನಂತ ಹಾಡಲಿ?" ಎಂದು ಕೇಳಿದಳು.

"ತನ್ನೂಸ್ ಅಂತಲೇ ಹಾಡು. ಕೊನೇಲಿ ಅವನನ್ನ ಯಾರಾದ್ರೂ ಕೂಗಿದ್ರೆ, ಆ ಹೆಸರಿಂದಲೇ ತಾನೇ ಕೂಗಿರ್ತಾರೆ."

ಹಾಡು ಮತ್ತೆ ಶುರುವಾಯಿತು. ಮದುವಣಿಗನ ಅಂಗಿ ತೊಟ್ಟ ತನ್ನೂಸ್ ಮಂಚದ ಕಾಲ ಬಳಿ ಕುಳಿತು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಸಾಲು ಸಾಲಿಗೂ ಹೆಂಗಸರೆಲ್ಲ ಸೇರಿ "ತನ್ನೂಸ್, ಓ ತನ್ನೂಸ್" ಎಂದು ಕರೆಯುತ್ತಿದ್ದರು. ಕರೆದಾಗಲೆಲ್ಲ ಅವನ ಬಾಯಲ್ಲಿ "ಆ?" ಎಂದು ಬಂದುಬಿಡುತ್ತಿತ್ತು. ಇವತ್ತು ಆ ಕರೆಗೆ ತಾನು ಓಗೊಡಬಾರದೆಂದು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ.