ಪರದೇಶಿಗೆ ಸಿಕ್ಕ ತಾಯಿ

ಅವನಿಗೆ ತಾಯಿ ಇರಲಿಲ್ಲ. ಅವನ ಒಂದು ಹಾಡನ್ನೂ ಕೇಳದವರಿಗೂ ಇದು ಗೊತ್ತಿತ್ತು.

ನಾಲ್ಕು ವರ್ಷದ ಹುಡುಗ, ರೈಲು ನಿಲ್ದಾಣದ ಬೆಂಚು, ಬರುತ್ತೇನೆಂದು ಹೋಗಿ ಬಾರದ ಹೆಂಗಸು. ಈ ಕಥೆ ಪತ್ರಿಕೆಗಳಲ್ಲಿ ಬಂದ ಮೇಲೆಯೇ ಅವನು ‘ಪರದೇಶಿ’ ಆದದ್ದು, ಖಾಲಿ ಸಭಾಂಗಣಗಳು ತುಂಬಿದ್ದು. ಹರಿದ ಜಾಕೆಟ್ಟು, ಕೆಂಪು ಕಣ್ಣು, ಹಾಡಿನ ನಡುವೆ ಗಿಟಾರನ್ನು ನೆಲಕ್ಕೆ ಅಪ್ಪಳಿಸುವ ಸಿಟ್ಟು. ಎಲ್ಲಕ್ಕೂ ಆ ಬೆಂಚೇ ಕಾರಣವೆಂದು ಜನ ನಂಬಿದ್ದರು.

“ಟೈಲರಮ್ಮಾ, ಹಿಂದಿನ ಗೇಟಲ್ಲಿ ಇನ್ನೊಬ್ಬರು ಅಮ್ಮ ಬಂದಿದ್ದಾರೆ,” ಡ್ರಮ್ಮರ್ ಹೊಲಿಗೆ ಕೋಣೆಯೊಳಗೆ ತಲೆ ಹಾಕಿ ಹೇಳಿದ. “ಸ್ಟಾಕ್ ಜಾಸ್ತಿ ಆಯ್ತು. ನಂಗೂ ಒಬ್ಬರನ್ನ ಕಳಿಸಿ, ಸಾಕ್ಸ್ ಒಗೆಯೋಕೆ.”

ಟೈಲರಮ್ಮ ನಗಲಿಲ್ಲ. ಹೊಸ ಜಾಕೆಟ್ಟಿನ ಮೊಣಕೈಯನ್ನು ಮರಳುಕಾಗದದಿಂದ ಉಜ್ಜಿ ಹಳತು ಮಾಡುತ್ತಿದ್ದಳು. ತಂಡದ ಮೊದಲ ಕಾರ್ಯಕ್ರಮದಿಂದಲೂ ಇದೇ ಕೆಲಸ. ಹೀಗೆ ಬರುವ ತಾಯಂದಿರನ್ನು ಮಾತಾಡಿಸಿ ಸಾಗಹಾಕುವುದೂ ಅವಳ ಪಾಲಿಗೇ ಬಂದಿತ್ತು. ಪತ್ರಿಕೆಯವರಿಗೆಲ್ಲ ಅವಳ ಪರಿಚಯವಿತ್ತು. “ಪಾಪದ ಹುಡುಗ, ಹಿಂದೆ ಮುಂದೆ ಯಾರಿಲ್ಲ” ಎಂದು ಅವಳು ಹೇಳಿದ್ದು ಎಷ್ಟು ಸಲ ಅಚ್ಚಾಗಿತ್ತೋ.

ಬಂದವಳು ಇಸ್ತ್ರಿ ಮಾಡಿದ ಹೊಸ ಕೋಟು ತೊಟ್ಟಿದ್ದಳು. ಕೂತವಳೇ ಶುರು ಮಾಡಿದಳು.

“ಟಿಕೆಟ್ ತರೋಕೆ ಹೋಗಿದ್ದೆ ಕಣಮ್ಮ. ಬಿಟ್ಟು ಹೋಗಿರಲಿಲ್ಲ. ವಾಪಸ್ ಬಂದ್ರೆ ಬೆಂಚು ಖಾಲಿ. ಅವನಿಗೆ ಇದೊಂದು ಮಾತು ಹೇಳಿ ಹೊರಟುಹೋಗ್ತೀನಿ.”

“ಗುರುತು ಏನಾದ್ರೂ?”

“ಎಡಗಾಲಲ್ಲಿ, ಮಂಡಿ ಹಿಂದೆ ಸುಟ್ಟ ಕಲೆ.”

“ಇಲ್ಲ.”

“ನೀವು ನೋಡಿದ್ದೀರಾ?”

“ಅಳತೆ ತೆಗೆಯೋಳು ನಾನೇ.”

“ಮಾಸಿರುತ್ತೆ ಬಿಡಿ,” ಎಂದಳು ಆಕೆ. “ಇಷ್ಟು ವರ್ಷ ಆಯ್ತಲ್ಲ.”

ಟೈಲರಮ್ಮನಿಗೆ ಬೈಯಲು ಬಾಯಿ ಬರಲಿಲ್ಲ. ಹಿಂದೆ ಬಂದವರು ಫೋಟೋಗಾಗಿ ಬಂದವರು. ಇವಳು ಹಾಗಲ್ಲ. ಟೈಲರಮ್ಮ ಊದಿದ ಕಾಲುಗಳನ್ನು ಎಳೆದುಕೊಂಡು ಹೊರಗೆ ಬಂದಳು. ಓಣಿಯಲ್ಲಿ ಮ್ಯಾನೇಜರ್ ಕಾಯುತ್ತಿದ್ದ.

“ನಾಟಕವಾ?”

“ಅಲ್ಲ. ಮಗನನ್ನ ನಿಜವಾಗ್ಲೂ ಕಳ್ಕೊಂಡಿದ್ದಾಳೆ. ಇವನೇ ಅಂತ ನಂಬಿಬಿಟ್ಟಿದ್ದಾಳೆ.”

“ಇನ್ನೂ ಒಳ್ಳೇದಾಯ್ತು. ನಂಬಿದವರು ಮಾತಲ್ಲಿ ತಡವರಿಸಲ್ಲ.” ಮ್ಯಾನೇಜರ್ ಕನ್ನಡಕ ಒರೆಸಿಕೊಂಡ. “ಇವತ್ತೇ ವೇದಿಕೆಗೆ ಹತ್ತಿಸೋಣ.”

“ಯಾಕೆ?” ಎಂದಳು ಟೈಲರಮ್ಮ.

“ಅನಾಥ ಅನ್ನೋದು ಹಳಸಿಹೋಯ್ತು, ಟೈಲರಮ್ಮ. ಅಷ್ಟು ದೊಡ್ಡ ಗಂಡಸು ಎಷ್ಟು ದಿನ ಅಂತ ಬೆಂಚಿನ ಮೇಲೆ ಕೂತಿರ್ತಾನೆ? ಹಿಂದಿನ ಸಾಲುಗಳು ಖಾಲಿ ಬೀಳ್ತಿವೆ. ಈಗ ತಾಯಿ ಸಿಗಬೇಕು.”

“ನೊಂದವಳು. ಮೋಸ ಮಾಡಬೇಡಿ. ಕಳಿಸಿಬಿಡೋಣ.”

“ಮೋಸ ಏನು ಬಂತು? ಅವಳಿಗೆ ಮಗ ಸಿಗ್ತಾನೆ. ಅವನಿಗೆ ಜನ ಸಿಗ್ತಾರೆ. ನಷ್ಟ ಯಾರಿಗೆ, ನೀವೇ ಹೇಳಿ.”

ಟೈಲರಮ್ಮ ಕೋಣೆಯ ಬಾಗಿಲ ಕಡೆ ತಿರುಗಿದಳು.

“ನೀವು ಹೂಂ ಅನ್ನಬೇಕು,” ಎಂದ ಮ್ಯಾನೇಜರ್, ದನಿ ತಗ್ಗಿಸಿ.

“ಅವನು ಏನಂದ?”

“ಅವನು ಆಗಲೇ ಹೂಂ ಅಂದಾಯ್ತು.”

“ಮತ್ತೆ ನನ್ನನ್ನೇನು ಕೇಳ್ತೀರಿ. ನಾನು ಬಟ್ಟೆ ಹೊಲಿಯೋಳು.”

ಕೋಟು ತೀರಾ ಹೊಸದು, ಬಡವಿಯ ಹಾಗೆ ಕಾಣಬೇಕು ಎಂದು ಅಪ್ಪಣೆಯಾಯಿತು. “ಅವನನ್ನ ನೋಡೋಕೆ ಅಂತ್ಲೇ ಕೊಂಡಿದ್ದು,” ಎಂದು ಹೆಂಗಸು ಬಿಚ್ಚಿಕೊಟ್ಟಳು. ಟೈಲರಮ್ಮ ಕೊರಳಪಟ್ಟಿ ಉಜ್ಜಿದಳು, ಒಂದು ಗುಂಡಿ ಕಿತ್ತಳು, ಜೇಬಿನ ಅಂಚು ಬಿಚ್ಚಿ ಬೇರೆ ಬಣ್ಣದ ದಾರದಲ್ಲಿ ಹೊಲಿದಳು.

“ಅವನ ಸ್ವಭಾವ ಹೇಗೆ?” ಹೆಂಗಸು ಕೇಳಿದಳು.

“ಹಸಿವು ತಡೆಯಲ್ಲ. ಊಟ ತಡವಾದ್ರೆ ಮೈಮೇಲೆ ಬೀಳ್ತಾನೆ, ಮನಸ್ಸಿಗೆ ಹಚ್ಕೋಬೇಡಿ. ಹಾಡು ಮುಗಿಸಿ ಬಂದ ಕೂಡಲೇ ಮಾತಾಡಿಸಬೇಡಿ. ಕತ್ತಲೆ ಅಂದ್ರೆ ಹೆದರಿಕೆ, ದೀಪ ಆರಿಸಬೇಡಿ. ಕೇಳಿದ್ರೆ ಇಲ್ಲ ಅಂತಾನೆ.”

ಹೆಂಗಸು ಪಾಠ ಒಪ್ಪಿಸುವವಳಂತೆ ಒಂದೊಂದನ್ನೂ ತುಟಿಯಲ್ಲೇ ಹೇಳಿಕೊಂಡಳು.

ಹೆಂಗಸನ್ನು ವೇದಿಕೆಯ ಕಡೆ ಕರೆದೊಯ್ದ ಮೇಲೆ ಪರದೇಶಿ ಜಾಕೆಟ್ಟು ತೊಡಲು ಬಂದ. ಎಲ್ಲರೂ ಅವನಿಗೆ ಸರ್ ಎನ್ನುತ್ತಿದ್ದರು. ಟೈಲರಮ್ಮ ಮಾತ್ರ ಏಕವಚನ. ತಂಡದಲ್ಲಿ ಹಳಬಳು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

“ಕಾಲರ್ ಚುಚ್ಚುತ್ತೆ,” ಎಂದ.

ಅವಳು ಮಡಚಿ ಹೊಲಿದಳು. “ಅವಳಿಗೆ ಏನು ಹೇಳ್ತೀಯ?”

ಅವನು ಕನ್ನಡಿ ನೋಡಿಕೊಳ್ಳುತ್ತಿದ್ದ. “ಬರೆದುಕೊಟ್ಟಿದ್ದಾರೆ.”

ಮೂರನೆಯ ಹಾಡಿಗೆ ಹೆಂಗಸನ್ನು ಬೆಳಕಿಗೆ ಕರೆತಂದರು. ಅವಳು “ಚಿನ್ನೂ” ಎಂದು ಕೂಗಿದಳು. ಮೈಕು ಬೇಕಾಗಲಿಲ್ಲ. ಸಭಾಂಗಣವೇ ಎದ್ದು ನಿಂತಿತು. ಅತ್ತು ಅತ್ತು ಡ್ರಮ್ಮರ್‌ನ ತಾಳ ತಪ್ಪಿತು.

ಪರದೆಯ ಪಕ್ಕ ನಿಂತಿದ್ದ ಪತ್ರಿಕೆಯವಳು ಮೂಗು ಒರೆಸಿಕೊಂಡು ಈಚೆ ತಿರುಗಿದಳು. “ಟೈಲರಮ್ಮ, ಮೊದಲಿಂದ ನೋಡಿದವರು ನೀವು. ಏನನ್ನಿಸ್ತಿದೆ?”

“ಬರ್ಕೊಳ್ಳಿ. ಹೆತ್ತ ಕರುಳು. ಎಲ್ಲಿದ್ರೂ ಹುಡುಕ್ಕೊಂಡು ಬರುತ್ತೆ.”

“ನಿಮಗೆ ಮಕ್ಕಳು?”

“ಇಲ್ಲ.”

ಪತ್ರಿಕೆಯವಳು ಅದನ್ನೂ ಬರೆದುಕೊಂಡಳು. ವೇದಿಕೆಯ ಮೇಲೆ ಪರದೇಶಿ ಆ ಹೆಂಗಸಿನ ಹೆಗಲಿಗೆ ತಲೆ ಒರಗಿಸಿ, ಮುಖ ಕ್ಯಾಮೆರಾಗಳ ಕಡೆಗೇ ಇರುವಂತೆ ನೋಡಿಕೊಂಡು, ಅಳುತ್ತಿದ್ದ.

ಟೈಲರಮ್ಮ ಹೆತ್ತದ್ದು ಅವನೊಬ್ಬನನ್ನೇ.